ದೂರು ಬಂದಿದ್ದು ನಾಯಿ ಮೇಲೆ: ಒಂದು ಪಟಾಕಿ ಜಗಳದ ಪ್ರಕರಣ

ಈ ಕೇಸಲ್ಲಿ ಮೊದಲು ಬಂದ ದೂರು ಪಟಾಕಿ ಮೇಲಲ್ಲ, ನಾಯಿ ಮೇಲೆ. ನಾಲ್ಕು ಮಹಡಿಯ ಒಂದು ಅಪಾರ್ಟ್‌ಮೆಂಟು, ಮಧ್ಯ ಅಂಗಳ, ಸುತ್ತ ಮನೆಗಳು. ಎರಡನೇ ಮಹಡಿಯ ನಾಯಿ ರಾತ್ರಿಯೆಲ್ಲ ಬೊಗಳುತ್ತೆ, ಊಳಿಡುತ್ತೆ, ಬಾಗಿಲು ಕೆರೆಯುತ್ತೆ, ಮಕ್ಕಳಿಗೆ ನಿದ್ದೆ ಇಲ್ಲ, ಒಂದೋ ಅದನ್ನ ಸುಮ್ಮನಿರಿಸಿ ಇಲ್ಲ ಬೇರೆ ಕಡೆ ಬಿಡಿ ಅಂತ ಅಸೋಸಿಯೇಷನ್‌ಗೆ ಬರೆದು ಕೊಟ್ಟಿದ್ರು, ಕೆಳಗೆ ಐದು ಮನೆಯವರ ಸಹಿ. ಅದ್ರಲ್ಲಿ ಮೊದಲನೇ ಸಹಿ ಅಂಗಳದಲ್ಲಿ ಎಲ್ಲರಿಗಿಂತ ಜಾಸ್ತಿ ಪಟಾಕಿ ಹೊಡೆಯೋ ಮನೆಯವರದ್ದು. ಕುಹಕಕ್ಕೆ ಹೇಳ್ತಿಲ್ಲ, ಅವ್ರಿಗೆ ನಿಜವಾಗ್ಲೂ ಎರಡಕ್ಕೂ ಸಂಬಂಧ ಕಂಡಿರಲಿಲ್ಲ, ಯಾಕಂದ್ರೆ ನಾಯಿ ಬೊಗಳ್ತಿದ್ದದ್ದು ಪಟಾಕಿ ಹೊಡೆಯೋವಾಗ ಅಲ್ಲ, ಎಲ್ಲ ಮುಗಿದು ಕಸ ಗುಡಿಸಿ ಜನ ಮಲಗಿದ ಮೇಲೆ.

ನನ್ನ ಕೆಲಸ ನಾಯಿಗಳ ವರ್ತನೆ ನೋಡೋದು, ಅವುಗಳ ಮನೆಯವರ ಜೊತೆ ಕೂತು ಮಾತಾಡೋದು. ದೂರು ಬಂದ ಮೇಲೆ ನಾಯಿ ಮನೆಯವ್ರು ನನ್ನ ಕರೆಸಿದ್ರು, 'ಬೊಗಳೋದು ನಿಲ್ಸೋ ಟ್ರೈನಿಂಗ್ ಕೊಡಿ' ಅಂತ. ಯಾರ ಗುರುತೂ ಸಿಗಬಾರದು ಅಂತ ಕೆಲವು ವಿವರ ಬದಲಾಯಿಸಿದ್ದೀನಿ, ನಾಯಿಗೆ ಕರಿಯ ಅಂತ ಹೆಸರಿಟ್ಟಿದ್ದೀನಿ, ಮನುಷ್ಯರಿಗೆ ಹೆಸರೇ ಬೇಡ.

ಕರಿಯ ಏಳು ವರ್ಷದ ಗಂಡು ನಾಯಿ, ಮಿಶ್ರ ತಳಿ, ಮಧ್ಯಮ ಗಾತ್ರ. ಮನೆಯವ್ರು ಹೇಳಿದ್ದರಲ್ಲಿ ನನಗೆ ತಲೆಯಲ್ಲಿ ಕೂತ ಮಾತು ಒಂದೇ: ಇವನು ಮೊದಲು ಹೀಗಿರಲಿಲ್ಲ. ಮರಿಯಿಂದ ಐದು ವರ್ಷದ ತನಕ ಹೊರಗೆ ಏನೇ ಸಿಡಿದ್ರೂ ಒಂದು ಕಿವಿ ಎತ್ತಿ ನೋಡಿ ಮತ್ತೆ ಮಲಗ್ತಿದ್ನಂತೆ. ಆಮೇಲೆ ಒಂದು ಸೀಸನ್‌ನಲ್ಲಿ ನಡುಗೋಕೆ ಶುರು, ಮುಂದಿನ ಸೀಸನ್‌ಗೆ ಏದುಸಿರು, ಜೊಲ್ಲು, ಊಟ ಬಿಡೋದು, ಬಾತ್‌ರೂಮಲ್ಲಿ ಕಮೋಡ್ ಹಿಂದೆ ತೂರಿಕೊಂಡು ಕೂರೋದು. ಅಷ್ಟಕ್ಕೇ ನಿಲ್ಲಲಿಲ್ಲ, ಬೈಕು ಸ್ಟಾರ್ಟ್ ಮಾಡೋವಾಗ ಢಬ್ ಅಂದ್ರೆ ಭಯ, ಗಾಳಿಗೆ ಬಾಗಿಲು ಬಡಿದ್ರೆ ಭಯ, ಕೊನೆಕೊನೆಗೆ ಕತ್ತಲಾಗ್ತಿದ್ದ ಹಾಗೇ ಭಯ. ಸಂಜೆ ವಾಕಿಂಗ್‌ಗೆ ಅಂತ ಬೆಲ್ಟ್ ತೆಗೆದ್ರೆ ಬಾಲ ಹೊಟ್ಟೆಗೆ ಸೇರಿಸ್ಕೊಂಡು ಹಿಂದೆ ಸರೀತಿದ್ದ. ನಾನು ಮನೆಗೆ ಹೋಗೋ ಸ್ವಲ್ಪ ಹಿಂದೆ ಒಂದು ರಾತ್ರಿ ಯಾವುದೋ ಪಾರ್ಸೆಲ್ ತಗೊಳ್ಳೋಕೆ ಬಾಗಿಲು ತೆಗೆದಿದ್ದಾರೆ, ಅದೇ ಕ್ಷಣಕ್ಕೆ ಅಂಗಳದಲ್ಲಿ ಒಂದು ಬಾಂಬು ಸಿಡಿದಿದೆ, ಕರಿಯ ಕಾಲ ಸಂದಿಯಲ್ಲಿ ನುಗ್ಗಿ ಮೆಟ್ಟಿಲಿಳಿದು ಓಡಿಹೋಗಿ ಬೆಳಗ್ಗೆ ತುಂಬಾ ದೂರದಲ್ಲಿ ನಿಂತಿದ್ದ ಒಂದು ಲಾರಿ ಅಡಿ ಸಿಕ್ಕಿದಾನೆ. ಪಟಾಕಿ ರಾತ್ರಿಗಳಲ್ಲಿ ಕಳೆದುಹೋಗೋ ನಾಯಿಗಳ ಕಥೆ ಹೆಚ್ಚು ಕಮ್ಮಿ ಎಲ್ಲ ಹೀಗೇ, ಒಂದು ಬಾಗಿಲು, ಒಂದು ಕ್ಷಣ.

ರಾತ್ರಿ ಬೊಗಳೋದರ ಗುಟ್ಟು ಅಷ್ಟೇನೂ ಕಷ್ಟದ್ದಲ್ಲ. ಸದ್ದು ಜೋರಾಗಿರೋವಾಗ ತುಂಬಾ ಹೆದರಿದ ನಾಯಿ ಎಷ್ಟೋ ಸಲ ಬೊಗಳೋದೇ ಇಲ್ಲ, ಮುದುಡಿಕೊಂಡು ಮರಗಟ್ಟಿ ಕೂತಿರುತ್ತೆ, ನೋಡೋರಿಗೆ 'ಪಾಪ ಸುಮ್ನಿದೆ' ಅನ್ಸುತ್ತೆ. ಸದ್ದು ನಿಂತ ಮೇಲೂ ಮೈಯೊಳಗಿನ ಎಚ್ಚರ ಗಂಟೆಗಟ್ಟಲೆ ಇಳಿಯಲ್ಲ, ಆವಾಗ ಲಿಫ್ಟಿನ ಸದ್ದು, ಯಾರೋ ಕೆಮ್ಮಿದ್ದು, ಪಾತ್ರೆ ಬಿದ್ದಿದ್ದು ಎಲ್ಲಕ್ಕೂ ಎದ್ದು ಕೂಗುತ್ತೆ. ಸುಮ್ಮನಿದ್ದಾಗ 'ಪರ್ವಾಗಿಲ್ಲ' ಅಂದ್ಕೊಂಡು, ಕೂಗೋಕೆ ಶುರು ಮಾಡಿದಾಗ ಮನೆಯವ್ರು ಗದರ್ತಿದ್ರು. ಅದೂ ಅವರ ಸ್ವಂತ ಬುದ್ಧಿಯಲ್ಲ, ಯಾರೋ ಹೇಳಿಕೊಟ್ಟಿದ್ದು: ಹೆದರಿದಾಗ ಮುದ್ದು ಮಾಡಬೇಡಿ, ಭಯಕ್ಕೆ ಬಹುಮಾನ ಕೊಟ್ಟ ಹಾಗಾಗುತ್ತೆ ಅಂತ. ಈ ಉಪದೇಶ ಎಷ್ಟು ಮನೆ ಹಾಳು ಮಾಡಿದೆಯೋ. ಭಯ ಅನ್ನೋದು ನಾಯಿ ಬೇಕು ಅಂತ ಮಾಡೋ ಕೆಲಸ ಅಲ್ಲ, ಅದಕ್ಕೆ ಬಹುಮಾನ ಕೊಟ್ಟು ಜಾಸ್ತಿ ಮಾಡೋಕೆ ಆಗಲ್ಲ. ಪಕ್ಕ ಬಂದು ಒರಗಿದ್ರೆ ಒರಗಿಸ್ಕೊಳ್ಳಿ, ದೂರ ಹೋಗಿ ಅಡಗಿದ್ರೆ ಎಳೆದು ತರಬೇಡಿ, ಅಷ್ಟೇ ಅಲ್ವಾ.

ಟ್ರೈನಿಂಗ್ ಮಾತು ಆಮೇಲೆ, ಮೊದಲು ವೆಟ್ ಹತ್ರ, ಅಂದ್ರೆ ಪಶುವೈದ್ಯರ ಹತ್ರ ಹೋಗೋಣ ಅಂದೆ, ಅದೂ ಭಯದ ಮಾತ್ರೆಗಲ್ಲ, ಮೂಳೆ ಕೀಲು ನೋಡ್ಸೋಕೆ. ಮನೆಯವ್ರು ನನ್ನ ಮುಖ ನೋಡಿದ್ರು. ನನ್ನ ಲೆಕ್ಕ ಏನಿತ್ತು ಅಂದ್ರೆ, 2018ರಲ್ಲಿ ಇಂಗ್ಲೆಂಡಿನ ಲಿಂಕನ್ ವಿಶ್ವವಿದ್ಯಾಲಯದ ಕಡೆಯಿಂದ ಒಂದು ಸಣ್ಣ ಅಧ್ಯಯನ ಬಂತು, ಸದ್ದಿಗೆ ಹೆದರೋ 20 ನಾಯಿಗಳು, ಅರ್ಧಕ್ಕೆ ಸ್ನಾಯು ಅಥವಾ ಕೀಲು ನೋವು ಇತ್ತು, ಅರ್ಧಕ್ಕೆ ಇರಲಿಲ್ಲ. ನೋವಿದ್ದ ನಾಯಿಗಳಲ್ಲಿ ಭಯ ಶುರುವಾಗಿದ್ದು ಸರಾಸರಿ ನಾಲ್ಕು ವರ್ಷದಷ್ಟು ತಡವಾಗಿ, ಮತ್ತೆ ಅವು ಸದ್ದು ಕೇಳಿದ ಜಾಗವನ್ನೂ ಸುತ್ತಮುತ್ತಲಿನ ಸಂದರ್ಭವನ್ನೂ ಹೆಚ್ಚಾಗಿ ದೂರ ಇಡ್ತಿದ್ವು. ಅವರ ಊಹೆ ಸರಳ: ಢಂ ಅಂದಾಗ ನಾಯಿ ಬೆಚ್ಚಿಬೀಳುತ್ತೆ, ಮೈ ಬಿಗಿಯುತ್ತೆ, ಮೊದಲೇ ನೋಯ್ತಿರೋ ಕೀಲು ಇನ್ನೂ ನೋಯುತ್ತೆ, ಆಮೇಲೆ ನಾಯಿ ಸದ್ದನ್ನೂ ನೋವನ್ನೂ ಒಂದೇ ಗಂಟಿಗೆ ಕಟ್ಟಿಕೊಳ್ಳುತ್ತೆ. 20 ನಾಯಿ ಅಂದ್ರೆ ಚಿಕ್ಕ ಸಂಖ್ಯೆ, ಒಪ್ತೀನಿ, ಆದ್ರೆ ಐದು ವರ್ಷ ಆರಾಮಾಗಿದ್ದ ನಾಯಿ ಇದ್ದಕ್ಕಿದ್ದಂತೆ ಹೆದರೋಕೆ ಶುರು ಮಾಡಿದ್ರೆ ಬೇರೆ ಕಾರಣ ಹುಡುಕದೇ ಇರೋದು ಸೋಮಾರಿತನ. ಎಕ್ಸ್‌ರೇ ತೆಗೆಸಿದ್ರು, ಹಿಂದಿನ ಎರಡೂ ಸೊಂಟದ ಕೀಲು ಸವೆದಿತ್ತು, ಎಡಗಡೆದು ಜಾಸ್ತಿ. 'ಸೋಫಾ ಹತ್ತೋದು ಬಿಟ್ಟಿದ್ದ, ವಯಸ್ಸಾಯ್ತು ಅಂದ್ಕೊಂಡ್ವಿ' ಅಂದ್ರು ಯಜಮಾನ್ರು. ನೋವಿನ ಔಷಧಿ ಶುರುವಾಯ್ತು, ತೂಕ ಇಳಿಸೋಕೆ ಹೇಳಿದ್ರು, ಜಾರೋ ಟೈಲ್ಸ್ ಮೇಲೆ ಮ್ಯಾಟ್ ಬಂತು. ಇಲ್ಲಿ ಒಂದು ಎಚ್ಚರಿಕೆ, ಮನೆಯಲ್ಲಿರೋ ಮನುಷ್ಯರ ನೋವಿನ ಮಾತ್ರೆ ಕೊಡೋಕೆ ಹೋಗಬೇಡಿ, ಐಬುಪ್ರೊಫೆನ್ ನಾಯಿಯ ಹೊಟ್ಟೆ ಕಿಡ್ನಿ ಎರಡನ್ನೂ ಕೆಡಿಸುತ್ತೆ, ಬೆಕ್ಕಿಗಂತೂ ಒಂದು ಪ್ಯಾರಾಸಿಟಮಾಲ್ ಪ್ರಾಣ ತೆಗೆಯೋಕೆ ಸಾಕು.

ಇಷ್ಟು ನಾಯಿ ಕಥೆ. ಕಟ್ಟಡದ ಕಥೆ ಬೇರೆನೇ ಇತ್ತು.

ಅಸೋಸಿಯೇಷನ್ ಸೆಕ್ರೆಟರಿ ಒಬ್ಬ ತಾಳ್ಮೆಯ ಹೆಂಗಸು, ಇಲ್ಲದಿದ್ರೆ ಈ ಕೇಸು ಪೊಲೀಸ್ ಠಾಣೆಯಲ್ಲಿ ಮುಗೀತಿತ್ತು. ಅವರಿಗೆ ಒಂದು ಕೋರಿಕೆ ಇಟ್ಟೆ, ನಾಯಿ ಮನೆಯವರು, ಸಹಿ ಹಾಕಿದವರು, ಸೆಕ್ಯೂರಿಟಿಯವರು ಮೂರೂ ಕಡೆಯವರು ಸದ್ದಾದ ಟೈಮ್ ಬರೆದಿಡಲಿ, ಪಟಾಕಿ ಸದ್ದೂ ನಾಯಿ ಸದ್ದೂ ಎರಡೂ, ಯಾರ ತಪ್ಪು ಅಂತ ಬರೆಯೋದು ಬೇಡ, ಬರೀ ಟೈಮು. ಸೀಸನ್ ಪೂರ್ತಿ ಬರೆದ್ರು. ಒಟ್ಟಿಗೆ ಇಟ್ಟು ನೋಡಿದಾಗ ಎಲ್ಲರ ಅಂದಾಜೂ ತಲೆಕೆಳಗಾಯ್ತು. ಪಟಾಕಿ ಜಾಸ್ತಿ ಹೊಡೆದ ದೊಡ್ಡ ದಿನದ ರಾತ್ರಿ ಕರಿಯನ ಗಲಾಟೆ ಜಾಸ್ತಿ ಏನಿರಲಿಲ್ಲ, ಯಾಕಂದ್ರೆ ಅವತ್ತು ಮನೆಯವ್ರು ಮೊದಲೇ ತಯಾರಾಗಿರ್ತಿದ್ರು, ಬೇಗ ವಾಕಿಂಗ್, ಬೇಗ ಊಟ, ಕಿಟಕಿ ಬಂದ್. ಅತಿ ಕೆಟ್ಟ ರಾತ್ರಿಗಳು ಯಾವ್ಯಾವು ಅಂದ್ರೆ ಹಿಂದಿನ ವಾರ, ಮುಂದಿನ ವಾರ, ಏನೂ ಇಲ್ಲದ ಮಂಗಳವಾರ ಬುಧವಾರ ರಾತ್ರಿ ಹನ್ನೊಂದೂವರೆಗೆ ಒಂದೇ ಒಂದು ಬಾಂಬು. ಒಂದು ಸಲ ಢಂ, ಆಮೇಲೆ ಮೌನ, ಇನ್ನೊಂದು ಬರುತ್ತಾ ಬರಲ್ವಾ ಗೊತ್ತಿಲ್ಲ. ಆ ಒಂದೇ ಸದ್ದಿಗೆ ಬೆಳಗಿನ ಜಾವದ ತನಕ ಬೊಗಳಾಟ.

ಇನ್ನೊಂದು ವಿಷಯ ಬಯಲಾಯ್ತು. ಆ ಹನ್ನೊಂದೂವರೆ ಬಾಂಬು ಪಟಾಕಿ ಮನೆಯವರದ್ದಲ್ಲವೇ ಅಲ್ಲ, ಹಿಂದಿನ ಬ್ಲಾಕಿನ ನಾಲ್ಕೈದು ಹುಡುಗರು ಉಳಿದ ಸರಕು ಖಾಲಿ ಮಾಡ್ತಿದ್ರು. ಪಟಾಕಿ ಮನೆಯವರು, ಅವರನ್ನ ನಾನು ಹಾಗೇ ಕರೀತೀನಿ, ತಪ್ಪು ತಿಳ್ಕೋಬೇಡಿ, ಸಂಜೆ ಏಳಕ್ಕೆ ಶುರು ಮಾಡಿ ಒಂಬತ್ತರೊಳಗೆ ಮುಗಿಸಿ ಬಕೆಟ್ ನೀರು ಹಾಕಿ ಕಸನೂ ತಾವೇ ಎತ್ತೋ ಜನ. ಆದ್ರೆ ಬೈಗುಳ ಪೂರ್ತಿ ಅವರ ಪಾಲಿಗೆ.

ಇದೇ ಟೈಮಲ್ಲಿ ಸೆಕ್ರೆಟರಿ ಮನೆಮನೆಗೆ ಹೋಗಿ ವಿಚಾರಿಸಿದ್ರು, ನಾನೂ ಕೆಲವು ಕಡೆ ಜೊತೆಗಿದ್ದೆ. ಅಲ್ಲೀ ತನಕ ಇದು ನಾಯಿ ವರ್ಸಸ್ ಪಟಾಕಿ ಅಂತಿತ್ತು, ಬಾಗಿಲು ತಟ್ಟಿದಾಗ ಒಂದೊಂದೇ ಮನೆ ಕಥೆ ಹೊರಗೆ ಬಂತು. ಮೊದಲ ಮಹಡಿಯಲ್ಲಿ ಒಬ್ಬ ಆಂಟಿ, ಕೆಲವು ವರ್ಷದ ಹಿಂದೆ ಗ್ಯಾಸ್ ಸಿಲಿಂಡರ್ ಸಿಡಿದು ಬದುಕುಳಿದವರು, ಕೈಮೇಲಿನ ಸುಟ್ಟ ಗಾಯ ಮಾಸಿದೆ, ಆದ್ರೆ ಇದ್ದಕ್ಕಿದ್ದಂತೆ ಸದ್ದಾದ್ರೆ ಕಾಲು ಕುಸಿದು ನೆಲಕ್ಕೆ ಕೂತುಬಿಡ್ತಾರೆ, ಬಾಯಿಗೆ ಹೊಗೆ ರುಚಿ ಬರುತ್ತೆ ಅಂದ್ರು. ಯಾರಿಗೂ ಹೇಳಿರಲಿಲ್ಲ, 'ಮಕ್ಕಳ ಸಂತೋಷಕ್ಕೆ ನಾನ್ಯಾಕೆ ಕಲ್ಲು ಹಾಕ್ಲಿ' ಅಂತ. ಯುದ್ಧದಿಂದ ಬಂದ ಸೈನಿಕರಿಗೆ ಪಟಾಕಿ ಕಷ್ಟ ಅನ್ನೋದು ಎಲ್ಲರಿಗೂ ಗೊತ್ತು, ಅದೇ ಥರ ಅಪಘಾತ ಸ್ಫೋಟ ನೋಡಿದವರು ನಮ್ಮ ಪಕ್ಕದ ಮನೆಯಲ್ಲೇ ಇರ್ತಾರೆ ಅನ್ನೋದು ಹೊಳೆಯಲ್ಲ. ಮೂರನೇ ಮಹಡಿಯಲ್ಲಿ ಆಟಿಸಂ ಇರೋ ಒಬ್ಬ ಹುಡುಗ, ಅವನಿಗೆ ಪಟಾಕಿ ಬೆಳಕು ಪ್ರಾಣ, ಸದ್ದು ಆಗಲ್ಲ, ಕಿವಿಗೆ ದೊಡ್ಡ ಇಯರ್‌ಮಫ್ ಹಾಕಿಕೊಂಡು ಕಿಟಕಿಗೆ ಅಂಟಿಕೊಂಡು ನೋಡ್ತಾನೆ. ನೆಲಮಹಡಿಯ ತಾತ ಹಿಯರಿಂಗ್ ಏಡ್ ತೆಗೆದಿಟ್ಟು ಆರಾಮಾಗಿ ಮಲಗ್ತಾರಂತೆ, ಇಡೀ ಕಟ್ಟಡದಲ್ಲಿ ಸಮಸ್ಯೆ ಇಲ್ಲದ ಮನುಷ್ಯ ಅವರೊಬ್ಬರೇ.

ಬೆಕ್ಕಿನ ಮನೆಯವರು ಮಾತ್ರ 'ನಮ್ಮದಕ್ಕೆ ಏನೂ ಆಗಲ್ಲ, ಮಂಚದ ಕೆಳಗೆ ಹೋಗಿ ಮಲಗುತ್ತೆ' ಅಂದ್ರು. ಕೆದಕಿ ಕೇಳಿದ್ರೆ, ಕಳೆದ ಎರಡು ಸೀಸನ್‌ನಲ್ಲೂ ಆಮೇಲೆ ಅದಕ್ಕೆ ಮೂತ್ರ ಕಟ್ಟಿ ಆಸ್ಪತ್ರೆಗೆ ಓಡಿದ್ದಾರೆ, ಎರಡನ್ನೂ ಯಾರೂ ಜೋಡಿಸಿ ನೋಡಿರಲಿಲ್ಲ. ಬೆಕ್ಕು ಸ್ಟ್ರೆಸ್ ಅನ್ನ ಮುಖದಲ್ಲಿ ತೋರಿಸಲ್ಲ, ಅಡಗಿಕೊಳ್ಳುತ್ತೆ, ಊಟ ನೀರು ಬಿಡುತ್ತೆ, ಮೂತ್ರಕೋಶಕ್ಕೆ ಸೋಂಕಿಲ್ಲದ ಉರಿಯೂತ ಬರುತ್ತೆ. ಗಂಡು ಬೆಕ್ಕಿಗೆ ಮೂತ್ರನಾಳ ಸಣ್ಣದು, ಪೂರ್ತಿ ಕಟ್ಟಿಕೊಂಡ್ರೆ ಒಂದೆರಡು ದಿನದಲ್ಲಿ ಜೀವಕ್ಕೇ ಬರುತ್ತೆ. ಲಿಟರ್ ಟ್ರೇಗೆ, ಅಂದ್ರೆ ಬೆಕ್ಕು ಉಚ್ಚೆ ಹೊಯ್ಯೋ ಟ್ರೇಗೆ, ಪದೇಪದೇ ಹೋಗಿ ಉಚ್ಚೆ ಹೊಯ್ಯದೇ ವಾಪಸ್ ಬರ್ತಿದ್ರೆ ಬೆಳಗಾಗ್ಲಿ ಅಂತ ಕಾಯೋ ಹಾಗಿಲ್ಲ.

ಈಗ ಮೀಟಿಂಗು. ಮೊದಲನೇ ಮೀಟಿಂಗ್ ಹಾಳಾಯ್ತು, ಅದಕ್ಕೆ ಮುಖ್ಯ ಕಾರಣ ಒಂದು ವಿಡಿಯೋ. ನಾಯಿ ಮನೆಯ ಮಗಳು ಕರಿಯ ನಡುಗೋ ವಿಡಿಯೋ ಮಾಡಿ, ಹಿಂದೆ ಅಳೋ ಥರದ ಮ್ಯೂಸಿಕ್ ಹಾಕಿ, 'ನಿಮ್ಮ ಸಂತೋಷ, ನನ್ನ ನರಕ' ಅಂತ ಬರೆದು ಅಪಾರ್ಟ್‌ಮೆಂಟ್ ವಾಟ್ಸಾಪ್ ಗ್ರೂಪಿಗೆ ಹಾಕಿದ್ಲು. ಉದ್ದೇಶ ಒಳ್ಳೇದೇ, ಆದ್ರೆ ಪಟಾಕಿ ಮನೆಯವರ ಮಕ್ಕಳನ್ನ ಬೇರೆ ಮಕ್ಕಳು ರಾಕ್ಷಸರು ಅಂತ ಆಡಿಕೊಂಡ್ರು, ಆ ಚಿಕ್ಕ ಹುಡುಗಿ ಅತ್ತಳು, ಅವರಪ್ಪ ಮೀಟಿಂಗಿಗೆ ಬರೋವಾಗ್ಲೇ ಕೆಂಡವಾಗಿದ್ರು. 'ನೋಡಿ ಸಾರ್, ವರ್ಷಕ್ಕೆ ಎರಡು ದಿನ. ನಾಯಿ ಮುನ್ನೂರು ಚಿಲ್ಲರೆ ದಿನ ಬೊಗಳುತ್ತೆ, ನಾನು ಕೇಳಿದ್ದೀನಾ? ನಮ್ಮಪ್ಪ ನನ್ನ ಕೈ ಹಿಡ್ಕೊಂಡು ಹಚ್ಚೋದು ಕಲಿಸಿದ್ರು, ನಾನು ನನ್ನ ಮಗಳಿಗೆ ಕಲಿಸ್ತೀನಿ, ಇದ್ರಲ್ಲಿ ಪಾಪ ಏನಿದೆ?' ಅಂದ್ರು. ನಾಯಿ ಯಜಮಾನ್ರು 'ಪೂರ್ತಿ ಬ್ಯಾನ್ ಮಾಡಿ' ಅಂದ್ರು. ಅಲ್ಲಿಗೆ ಮಾತು ನಿಂತುಹೋಯ್ತು.

ನನಗೆ ಎರಡೂ ಕಡೆಯ ಮಾತು ಒಪ್ಪಿಗೆಯಾಗಲಿಲ್ಲ. 'ಎರಡು ದಿನ' ಅನ್ನೋದು ಬರೆದಿಟ್ಟ ಟೈಮಿಗೆ ಹೊಂದಲ್ಲ, 'ಬ್ಯಾನ್' ಅಂದ್ರೆ ಕದ್ದು ಹೊಡೆಯೋ ಹನ್ನೊಂದೂವರೆ ಬಾಂಬುಗಳೇ ಉಳಿಯೋದು, ತೊಂದರೆ ಕೊಡ್ತಿರೋದೇ ಅವು. ಎರಡನೇ ಮೀಟಿಂಗಲ್ಲಿ ಸೆಕ್ರೆಟರಿ ಆ ಟೈಮ್ ಶೀಟ್ ಮುಂದಿಟ್ರು, ಯಾರ ಹೆಸರೂ ಹೇಳಲಿಲ್ಲ, ನಾನು ಒಂದು ಹಳೇ ಪ್ರಯೋಗದ ಕಥೆ ಹೇಳ್ದೆ. ಅಮೆರಿಕದ ಡೇವಿಡ್ ಗ್ಲಾಸ್, ಜೆರೋಮ್ ಸಿಂಗರ್ ಅನ್ನೋ ಇಬ್ಬರು ಮನಶ್ಶಾಸ್ತ್ರಜ್ಞರು 1970ರ ಆಸುಪಾಸು ಜನರಿಗೆ ಜೋರು ಸದ್ದು ಕೇಳಿಸಿ ಆಮೇಲೆ ಅವರ ಕೈಲಿ ತಾಳ್ಮೆ ಬೇಡೋ ಕೆಲಸ ಮಾಡಿಸಿದ್ರು. ಸದ್ದು ಲೆಕ್ಕವಾಗಿ ಇಂತಿಷ್ಟು ಹೊತ್ತಿಗೊಮ್ಮೆ ಬಂದಾಗ ಜನ ಆಮೇಲಿನ ಕೆಲಸ ಚೆನ್ನಾಗೇ ಮಾಡಿದ್ರು, ಅಷ್ಟೇ ಜೋರಿನ ಸದ್ದು ಹೇಗೆ ಬೇಕೋ ಹಾಗೆ ಬಂದಾಗ ಬೇಗ ಕೈಚೆಲ್ಲಿದ್ರು, ತಪ್ಪು ಜಾಸ್ತಿ ಮಾಡಿದ್ರು. ಸದ್ದು ನಿಲ್ಲಿಸೋಕೆ ಒಂದು ಬಟನ್ ಇದೆ ಅಂತ ಹೇಳಿದ್ರೇ ಸಾಕು, ಆ ಬಟನ್ ಒತ್ತದಿದ್ರೂ ಜನಕ್ಕೆ ತಡ್ಕೊಳ್ಳೋಕೆ ಆಗ್ತಿತ್ತು. ಆಂಟಿಗೂ ಇದೇ, ಇಯರ್‌ಮಫ್ ಹುಡುಗನಿಗೂ ಇದೇ, ನಾಯಿಗೆ ಮಾತ್ರೆ ಕೊಡ್ಬೇಕಾದ ಮನೆಯವರಿಗೂ ಇದೇ. ಎಷ್ಟು ಜೋರು ಅನ್ನೋದಕ್ಕಿಂತ ಯಾವಾಗ ಅನ್ನೋದು ಗೊತ್ತಿಲ್ಲದೆ ಇರೋದೇ ಇಲ್ಲಿನ ದೊಡ್ಡ ತೊಂದರೆ ಅಂತ ನನ್ನ ವಾದ.

ಆಂಟಿ ಅವತ್ತು ಮೊದಲ ಸಲ ಎದ್ದು ನಿಂತು ಸಿಲಿಂಡರ್ ಕಥೆ ಹೇಳಿದ್ರು, ಎರಡೇ ವಾಕ್ಯ. 'ಟೈಮ್ ಹೇಳಿಬಿಡಿ, ನಾನು ಅಷ್ಟು ಹೊತ್ತು ತಂಗಿ ಮನೆಗೆ ಹೋಗ್ತೀನಿ' ಅಂದ್ರು. ಪಟಾಕಿ ಮನೆಯವರು ತುಂಬಾ ಹೊತ್ತು ಏನೂ ಮಾತಾಡಲಿಲ್ಲ, ಆಮೇಲೆ 'ನೀವ್ಯಾಕೆ ಹೋಗ್ತೀರಾ ಆಂಟಿ, ಜಾಗ ನಾವೇ ಬದಲಾಯಿಸ್ತೀವಿ' ಅಂದ್ರು. ಒಪ್ಪಂದ ಅಲ್ಲಿಂದ ಶುರುವಾಯ್ತು ನೋಡಿ, ನನ್ನ ಪ್ರಯೋಗದ ಕಥೆಯಿಂದ ಅಲ್ಲ.

ಜಾಗದ ವಿಷಯ ಸ್ವಲ್ಪ ಬಿಡಿಸಿ ಹೇಳ್ಬೇಕು, ಯಾಕಂದ್ರೆ ಇದನ್ನ ಜನ ಹಗುರವಾಗಿ ತಗೋತಾರೆ. ಬಯಲಲ್ಲಿ ದೂರ ಎರಡರಷ್ಟಾದ ಹಾಗೆಲ್ಲ ಸದ್ದು ಸುಮಾರು 6 ಡೆಸಿಬೆಲ್ ಇಳಿಯುತ್ತೆ. ಅಂಗಳದಲ್ಲಿ ಕಿಟಕಿಗೂ ಪಟಾಕಿಗೂ 10 ಮೀಟರ್, ಕಟ್ಟಡದ ಪಕ್ಕದ ಖಾಲಿ ಜಾಗದ ಆ ತುದಿಗೆ 80 ಮೀಟರ್, ಅಂದ್ರೆ ದೂರ ಮೂರು ಸಲ ದುಪ್ಪಟ್ಟು, 18 ಡೆಸಿಬೆಲ್ ಕಮ್ಮಿ, ಕಿವಿಗೆ ಅದು ದೊಡ್ಡ ವ್ಯತ್ಯಾಸ. ಅದ್ರ ಮೇಲೆ ಅಂಗಳ ಅಂದ್ರೆ ನಾಲ್ಕೂ ಕಡೆ ಗೋಡೆ, ಸದ್ದು ಬಡಿದು ಬಡಿದು ವಾಪಸ್ ಬರುತ್ತೆ, ನಾಯಿಗೆ ಯಾವ ದಿಕ್ಕಿಂದ ಬಂತು ಅಂತಲೇ ಗೊತ್ತಾಗಲ್ಲ, ಎತ್ತ ಓಡಬೇಕು ಅಂತಲೂ. ಮನುಷ್ಯರ ಕಿವಿ 20,000 ಹರ್ಟ್ಸ್ ತನಕ ಕೇಳುತ್ತೆ, ನಾಯಿದು ಸುಮಾರು 45,000, ಬೆಕ್ಕಿಂದು 64,000, ಹಾಗಾಗಿ ರಾಕೆಟ್ಟಿನ ಸಿಳ್ಳೆಯಲ್ಲಿ ನಮಗೆ ಕೇಳದ ಭಾಗನೂ ಅವಕ್ಕೆ ಕೇಳುತ್ತೆ. ಮೊಬೈಲ್ ಆ್ಯಪಲ್ಲಿ ಅಳೆದು 'ನೋಡಿ ಬರೀ 85' ಅಂತ ಒಬ್ಬರು ತೋರ್ಸಿದ್ರು, ಪಟಾಕಿ ಸದ್ದು ಮಿಲಿಸೆಕೆಂಡಲ್ಲಿ ಏರಿ ಇಳಿಯುತ್ತೆ, ಫೋನಿನ ಮೈಕು ಆ ತುದಿಯನ್ನ ಹಿಡಿಯೋದೇ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ ಇಂಥ ಸಿಡಿಯೋ ಸದ್ದಿಗೆ ದೊಡ್ಡವರ ಕಿವಿಗೆ 140 ಡೆಸಿಬೆಲ್, ಮಕ್ಕಳ ಕಿವಿಗೆ 120ರ ಮಿತಿ ಹೇಳಿದೆ, ಕೈಗೆ ಸಿಗೋಷ್ಟು ಹತ್ರ ನಿಂತು ಹಚ್ಚೋ ಮಕ್ಕಳು ಅದನ್ನ ದಾಟಿರ್ತಾರೆ. ಈ ಮಾತು ಹೇಳಿದಾಗ ಪಟಾಕಿ ಮನೆಯಮ್ಮ ಗಂಡನ ಕಡೆ ತಿರುಗಿದ್ರು.

ಆ ಖಾಲಿ ಜಾಗದ ಒಂದು ಮೂಲೆಯಲ್ಲಿ ದೊಡ್ಡ ಮರ, ಸಂಜೆಗೆ ನೂರಾರು ಹಕ್ಕಿ ಬಂದು ಕೂರುತ್ವೆ. ಮೊದಲು ಮರದ ಬುಡದಲ್ಲೇ ಅಂತ ಗೊತ್ತು ಮಾಡಿದ್ರು, ಇಯರ್‌ಮಫ್ ಹುಡುಗ 'ಹಕ್ಕಿಗಳು?' ಅಂತ ಕೇಳ್ದ. ಸರಿಯಾದ ಪ್ರಶ್ನೆನೇ. ನೆದರ್ಲೆಂಡ್ಸ್‌ನಲ್ಲಿ ಹೊಸ ವರ್ಷದ ಮಧ್ಯರಾತ್ರಿ ಪಟಾಕಿ ಶುರುವಾದ ಕೂಡ್ಲೇ ಸಾವಿರಾರು ಹಕ್ಕಿಗಳು ಒಟ್ಟಿಗೆ ಹಾರೋದು ಮಳೆ ನೋಡೋ ರೇಡಾರ್‌ನಲ್ಲೇ ಕಾಣಿಸಿದೆ, 2010ರ ಕೊನೇ ರಾತ್ರಿ ಅಮೆರಿಕದ ಅರ್ಕಾನ್ಸಾ ರಾಜ್ಯದ ಬೀಬಿ ಅನ್ನೋ ಊರಲ್ಲಿ ಕತ್ತಲಲ್ಲಿ ಬೆದರಿ ಎದ್ದ ಹಕ್ಕಿಗಳು ಮನೆ ಕಂಬಗಳಿಗೆ ಬಡಿದು ಸಾವಿರಗಟ್ಟಲೆ ಸತ್ತುಬಿದ್ವು. ಕೊನೆಗೆ ಮರದಿಂದ ದೂರದ ಮೂಲೆ ಆಯ್ತು. ದೂರ ಅಂದ್ರೂ ಹಕ್ಕಿಗಳಿಗೆ ಸಾಕಾಗೋ ದೂರ ಅಲ್ಲ ಅದು, ಹುಡುಗನಿಗೆ ಹಾಗೇ ಹೇಳಿದ್ವಿ.

ಒಪ್ಪಂದದಲ್ಲಿ ಬರೆದಿದ್ದು ಕಮ್ಮಿ. ರಾತ್ರಿ ಏಳರಿಂದ ಒಂಬತ್ತು, ಹಿಂದಿನ ಜಾಗ ಬಿಟ್ಟು ಆ ಮೂಲೆಯಲ್ಲಿ, ಎರಡು ದಿನ ಮೊದಲೇ ಗ್ರೂಪಲ್ಲಿ ದಿನ ಹೇಳೋದು, ಶುರು ಮಾಡೋ ಮುಂಚೆ ಒಂದು ಮೆಸೇಜು, ಮುಗಿದಾಗ ಒಂದು ಮೆಸೇಜು. ಈ ಮುಗಿದ ಮೆಸೇಜು ಕೇಳಿದ್ದು ನಾನು, ಎಲ್ಲರೂ ಮರೆಯೋದು ಅದನ್ನೇ, ಇನ್ನು ಬರಲ್ಲ ಅಂತ ಗೊತ್ತಾದ್ರೆ ತಾನೇ ಮನೆಯವರೂ ಉಸಿರು ಬಿಡೋದು, ಕರಿಯನ್ನ ಕೊನೇ ಸಲ ಹೊರಗೆ ಕರ್ಕೊಂಡು ಹೋಗೋದು. ಬಾಂಬು ಕಮ್ಮಿ ಮಾಡಿ ಹೂಕುಂಡ, ಭೂಚಕ್ರ, ಸುರ್‌ಸುರ್ ಬತ್ತಿ ಜಾಸ್ತಿ ಮಾಡೋಣ ಅಂತ ಪಟಾಕಿ ಮನೆಯಮ್ಮನೇ ಹೇಳಿದ್ರು. ಉಳಿದ ಸರಕಿನ ವಿಷಯಕ್ಕೆ ಹಿಂದಿನ ಬ್ಲಾಕಿನ ಹುಡುಗರನ್ನ ಕರೆಸಿ ಬೈಯೋ ಬದ್ಲು, ಆ ಮೂಲೆ ಉಸ್ತುವಾರಿನೇ ಅವರಿಗೆ ವಹಿಸಿದ್ರು, ಬಕೆಟ್, ಮರಳು, ಮಕ್ಕಳನ್ನ ದೂರ ನಿಲ್ಸೋದು. ಕಳ್ಳನ ಕೈಗೆ ಬೀಗದ ಕೀ ಅಂತ ತಾತ ನಕ್ಕರು, ಕೆಲಸ ಮಾತ್ರ ಆಯ್ತು.

ಕರಿಯನ ತಯಾರಿ ಇದರ ಜೊತೆ ನಡೀತಿತ್ತು. ನೋವಿನ ಔಷಧಿ ಶುರುವಾಗಿ ಕೆಲವು ವಾರಕ್ಕೆ ಸಂಜೆ ವಾಕಿಂಗ್ ವಾಪಸ್ ಬಂತು, ಬಾಗಿಲು ಬಡಿದ್ರೆ ಬೆಚ್ಚೋದು ಕಮ್ಮಿಯಾಯ್ತು, ಇಷ್ಟು ಸುಧಾರಣೆಗೆ ಟ್ರೈನಿಂಗ್ ಅನ್ನೋದೇ ಶುರುವಾಗಿರಲಿಲ್ಲ. ಆಮೇಲೆ ಸದ್ದಿನ ರೆಕಾರ್ಡಿಂಗು, ಕೇಳಿಯೂ ಕೇಳದ ಹಾಗೆ ಸಣ್ಣ ವಾಲ್ಯೂಮಲ್ಲಿ ಹಾಕಿ ಇಷ್ಟದ ತಿಂಡಿ ಕೊಡೋದು, ಆರಾಮಾಗಿದ್ರೆ ಮಾತ್ರ ವಾಲ್ಯೂಮ್ ಒಂದು ಗೀಟು ಮೇಲೆ. ಇದು ಅರ್ಧ ಫಲ ಕೊಡ್ತು. ಸ್ಪೀಕರ್ ಸದ್ದಿಗೆ ಕರಿಯ ಬಾಲ ಅಲ್ಲಾಡಿಸೋ ಮಟ್ಟಕ್ಕೆ ಬಂದ, ನಿಜವಾದ ಬಾಂಬಿನ ಜೊತೆ ನೆಲದಲ್ಲಿ ಬರೋ ಅದುರು, ಹೊಗೆ ವಾಸನೆ, ಕಿಟಕಿ ಮೇಲಿನ ಮಿಂಚು ಇವನ್ನ ಸ್ಪೀಕರ್ ಹೇಗೆ ಕೊಡುತ್ತೆ. ಇನ್ನೊಂದು ಕ್ರಮ ಅದಕ್ಕಿಂತ ಚೆನ್ನಾಗಿ ನಡೀತು, ಮನೆಯಲ್ಲಿ ಯಾವ ಢಬ್ ಸದ್ದಾದ್ರೂ ಆದ ಮರುಕ್ಷಣ ನೆಲದ ಮೇಲೆ ಒಂದು ಹಿಡಿ ಒಳ್ಳೇ ತಿಂಡಿ ಚೆಲ್ಲೋದು, ಹೆದರಿದ್ರೂ ಸರಿ ಹೆದರದಿದ್ರೂ ಸರಿ. ಬರ್ನ್ ವಿಶ್ವವಿದ್ಯಾಲಯದ ಸ್ಟೆಫನಿ ರೀಮರ್ ಸಾವಿರಕ್ಕೂ ಹೆಚ್ಚು ನಾಯಿಗಳ ಮನೆಯವರನ್ನ ವಿಚಾರಿಸಿ 2020ರಲ್ಲಿ ಪ್ರಕಟಿಸಿದ್ದರಲ್ಲಿ ಹೀಗೆ ಮಾಡಿದವರ ಪೈಕಿ 70 ಶೇಕಡಕ್ಕಿಂತ ಜಾಸ್ತಿ ಜನ ಉಪಯೋಗ ಆಯ್ತು ಅಂದಿದ್ರು, ರೆಕಾರ್ಡಿಂಗ್ ಬಳಸಿದವರಲ್ಲಿ ಅದು 55ರ ಆಸುಪಾಸು. ಮನೆಯವರ ಅಭಿಪ್ರಾಯ ಅಷ್ಟೇ ಅದು, ಲ್ಯಾಬ್ ಅಳತೆ ಅಲ್ಲ, ಆದ್ರೂ ನಾನು ನೋಡೋ ನಾಯಿಗಳಿಗೆ ಹೊಂದುತ್ತೆ.

ದೊಡ್ಡ ದಿನಕ್ಕೆ ವೆಟ್ ಟ್ರಾಜೊಡೋನ್ ಅನ್ನೋ ಆತಂಕ ಇಳಿಸೋ ಮಾತ್ರೆ ಬರೆದ್ರು. ಸುಮ್ಮನಿರೋ ಒಂದು ದಿನ ಕೊಟ್ಟು ನೋಡಿ ಅಂದ್ರು, ಕೆಲವು ನಾಯಿಗೆ ಉಲ್ಟಾ ಹೊಡೆದು ಚಡಪಡಿಕೆ ಜಾಸ್ತಿಯಾಗುತ್ತಂತೆ, ಅದು ಪಟಾಕಿ ರಾತ್ರಿ ಗೊತ್ತಾದ್ರೆ ಕೆಟ್ಟೆವು. ಒಸಡಿಗೆ ಸವರೋ ಡೆಕ್ಸ್‌ಮೆಡಿಟೊಮಿಡಿನ್ ಜೆಲ್ ಅಂತ ಇನ್ನೊಂದಿದೆ, ಅರ್ಧ ಮುಕ್ಕಾಲು ಗಂಟೆಯಲ್ಲಿ ಕೆಲಸ ಮಾಡುತ್ತೆ. ಮಾತ್ರೆಗಾದ್ರೆ ಒಂದೂವರೆ ಎರಡು ಗಂಟೆ ಮುಂಚೆ ಕೊಟ್ಟಿರಬೇಕು, ಸದ್ದು ಶುರುವಾಗಿ ಹೆದರಿದ ಮೇಲೆ ಕೊಟ್ರೆ ಅಷ್ಟಕ್ಕಷ್ಟೇ, ಅದಕ್ಕೇ ಎರಡು ದಿನ ಮೊದಲೇ ಬರೋ ಆ ಮೆಸೇಜಿಗೆ ಅಷ್ಟು ಬೆಲೆ. ಅಸೆಪ್ರೊಮಜಿನ್ ಒಂದನ್ನೇ ಕೊಡೋ ಹಳೇ ಪದ್ಧತಿ ಬೇಡ ಅಂತ ವೆಟ್ಟೇ ಹೇಳಿದ್ರು, ಅದು ಮೈನ ಮಂಕು ಮಾಡುತ್ತೆ, ಭಯ ಹಾಗೇ ಇರುತ್ತೆ, ಓಡೋಕೂ ಆಗದೆ ಒಳಗೊಳಗೇ ನಲುಗೋದು. ಭಯಕ್ಕೆ ನೋವಿಗೆ ಕೊಡೋ ಗಾಬಾಪೆಂಟಿನ್ ಅನ್ನೋ ಔಷಧಿಯನ್ನ ಮನುಷ್ಯರ ಸಿರಪ್ ರೂಪದಲ್ಲಿ ಕೊಡೋದೂ ಅಪಾಯ, ಕೆಲವದರಲ್ಲಿ ಕ್ಸೈಲಿಟಾಲ್ ಅನ್ನೋ ಸಿಹಿ ಇರುತ್ತೆ, ನಾಯಿಗೆ ವಿಷ.

ಮನೆಯ ಒಳಗಿನ ಪ್ಯಾಸೇಜು, ಕಿಟಕಿ ಇಲ್ಲ, ಅಲ್ಲಿ ಕರಿಯನ ಹಾಸಿಗೆ, ಫ್ಯಾನ್ ಜೋರು, ಕಮೋಡ್ ಹಿಂದಿನ ಜಾಗಕ್ಕೂ ಒಂದು ಮ್ಯಾಟ್ ಹಾಕಿದ್ವಿ, ಅವನಿಗೆ ಅಲ್ಲೇ ಬೇಕು ಅಂದ್ರೆ ಅಲ್ಲೇ. ಮುಖ್ಯ ಬಾಗಿಲ ಒಳಗೆ ಮಕ್ಕಳಿಗೆ ಹಾಕೋ ಥರದ ಅಡ್ಡಗೇಟು, ಕತ್ತಿಗೆ ಫೋನ್ ನಂಬರಿನ ಟ್ಯಾಗು, ಮೈಕ್ರೋಚಿಪ್ಪೂ ಹಾಕಿಸಿದ್ರು. ಮೈಗೆ ಬಿಗಿಯಾಗಿ ಸುತ್ತೋ ಜಾಕೆಟ್ ತಂದಿದ್ರು, ಹಾಕಿದ್ರೆ ಕಲ್ಲಿನ ಥರ ನಿಂತುಬಿಡ್ತಿದ್ದ, ತೆಗೆದಿಟ್ಟೆವು. ಬೆಕ್ಕಿನ ಮನೆಗೆ ಕಪಾಟಿನ ಒಂದು ಅರೆ ಖಾಲಿ ಮಾಡಿ ಬಾಗಿಲು ಅರ್ಧ ತೆರೆದಿಡಿ, ಲಿಟರ್ ಟ್ರೇನೂ ನೀರೂ ಅದೇ ರೂಮಲ್ಲಿ ಇಡಿ ಅಂತ ಹೇಳಿದ್ದೆ.

ದೊಡ್ಡ ದಿನ ಬಂತು, ಆ ರಾತ್ರಿ ಆರು ಐವತ್ತಕ್ಕೆ 'ಶುರು ಮಾಡ್ತೀವಿ' ಅಂತ ಮೆಸೇಜ್ ಬಂತು. ಕರಿಯ ನಡುಗಿದ, ಇಲ್ಲ ಅನ್ನಲ್ಲ. ಮೊದಲ ಹತ್ತು ನಿಮಿಷ ಕಮೋಡ್ ಹಿಂದೆನೇ, ಆಮೇಲೆ ಪ್ಯಾಸೇಜಿಗೆ ಬಂದು ಒಂದೊಂದು ಸದ್ದಿಗೂ ಚೆಲ್ಲಿದ ತಿಂಡಿ ಹೆಕ್ಕಿದ, ಹೆದರಿಕೆ ಮಿತಿ ಮೀರಿದ ನಾಯಿ ತಿನ್ನೋದೇ ಇಲ್ಲ, ಹಾಗಾಗಿ ತಿಂದಿದ್ದೇ ನಮಗೆ ಅಳತೆ. ಎಂಟು ಐವತ್ತೈದಕ್ಕೆ 'ಮುಗೀತು' ಅಂತ ಮೆಸೇಜು, ಹತ್ತಕ್ಕೆ ವಾಕಿಂಗ್, ಉಚ್ಚೆ ಹೊಯ್ದ, ಬಂದು ಮಲಗಿದ, ಬೊಗಳಿದ್ದು ಒಂದೇ ಸಲ, ಅದೂ ಲಿಫ್ಟಿಗೆ. ಮಾರನೇ ದಿನ ದೂರಿಗೆ ಸಹಿ ಹಾಕಿದ್ದ ಒಬ್ಬರು ಸೆಕ್ರೆಟರಿಗೆ 'ನಾಯಿ ಎಲ್ಲೋ ಕಳ್ಸಿದ್ರಾ?' ಅಂತ ಕೇಳಿದ್ರಂತೆ. ಆಂಟಿ ತಂಗಿ ಮನೆಗೆ ಹೋಗಲಿಲ್ಲ, ರೂಮಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೂತಿದ್ರು, ಚೆನ್ನಾಗಿತ್ತು ಅಂತ ಅವರು ಹೇಳಲಿಲ್ಲ, ಆಯ್ತು ಅಂದ್ರು.

ಎಲ್ಲ ಸರಿಹೋಯ್ತು ಅಂತಲ್ಲ. ಕೆಲವು ತಿಂಗಳ ಮೇಲೆ ಒಂದು ದೊಡ್ಡ ಮ್ಯಾಚ್ ಗೆದ್ದಾಗ ಮಧ್ಯರಾತ್ರಿ ಎಲ್ಲ ಕಡೆ ಒಟ್ಟಿಗೆ ಸಿಡೀತು, ಮೆಸೇಜೂ ಇಲ್ಲ ಮಾತ್ರೆನೂ ಇಲ್ಲ, ಕರಿಯ ವಾರಗಟ್ಟಲೆ ಹಿಂದಕ್ಕೆ ಹೋದ, ಬೆಕ್ಕಿಗೆ ಮತ್ತೆ ಮೂತ್ರದ ತೊಂದರೆ, ಈ ಸಲ ಅವರಿಗೆ ಲಕ್ಷಣ ಗೊತ್ತಿದ್ದರಿಂದ ರಾತ್ರಿನೇ ಓಡಿದ್ರು. ಆಮೇಲೆ ವೆಟ್ ಜೊತೆ ಮಾತಾಡಿ ಫೈನಲ್ ಇರೋ ದಿನ ಗೆಲ್ಲಲಿ ಸೋಲಲಿ ಮೊದಲೇ ಮಾತ್ರೆ ಅಂತ ಮಾಡ್ಕೊಂಡಿದ್ದಾರೆ. ಹಿಂದಿನ ಬ್ಲಾಕಿನ ಹುಡುಗರಲ್ಲಿ ಇಬ್ಬರು ಊರು ಬಿಟ್ಟು ಓದೋಕೆ ಹೋದ್ರು, ಅವರ ಜಾಗಕ್ಕೆ ಬಂದವರಿಗೆ ಒಪ್ಪಂದ ಗೊತ್ತಿಲ್ಲ. ಹೊಸದಾಗಿ ಬಾಡಿಗೆಗೆ ಬರೋರಿಗೆ ಅಗ್ರಿಮೆಂಟ್ ಜೊತೆ ಪಟಾಕಿ ನಿಯಮದ ಹಾಳೆನೂ ಕೊಡಬೇಕಾ ಅನ್ನೋದು ಮುಂದಿನ ಮೀಟಿಂಗಿಗೆ ಇದೆ. ಕೊಡಲೇಬೇಕು, ಸಹಿನೂ ಹಾಕಿಸ್ಕೋಬೇಕು ಅಂತ ಪಟಾಕಿ ಮನೆಯವರು ಹಟ ಹಿಡಿದಿದ್ದಾರೆ, ನಾಯಿ ಯಜಮಾನ್ರು ಹಾಳೆ ಗೀಳೆ ಬೇಡ, ಬಂದ ದಿನ ಬಾಯಲ್ಲಿ ಹೇಳಿದ್ರೆ ಸಾಕು ಅಂತಿದ್ದಾರೆ, ಇಬ್ಬರೂ ಇನ್ನೂ ಒಪ್ಪಿಲ್ಲ.